ಬಟಾಟೆಯ ನಾಡಿನಲ್ಲಿ ಸವಣೂರಿನ ಎಲೆಬಳ್ಳಿ

ಮೊದಲು ಗಂಟೆ. ಸಂಜೆ ಆರಕ್ಕೆ ರೇಡಿಯೋದಲ್ಲಿ ಚರ್ಚಿನ ಗಂಟೆ ಬಾರಿಸುತ್ತಿತ್ತು. ಒಂದು ಪೆಟ್ಟಿಗೂ ಇನ್ನೊಂದಕ್ಕೂ ನಡುವೆ ಉಸಿರು ಎಳೆದು ಬಿಡುವಷ್ಟು ಬಿಡುವು. ಗಂಟೆಯ ಹಿಂದೆ ಸುದ್ದಿ, ಸುದ್ದಿಯ ಹಿಂದೆ ಹವಾಮಾನ, ಅದೂ ಮುಗಿದ ಮೇಲೆ ಗಂಡಸೊಬ್ಬನ ತಗ್ಗಿದ ದನಿ: "ಬ್ಲೈಟ್ ವಾರ್ನಿಂಗ್." ಮನೆಯೊಡತಿ ಮಿಸೆಸ್ ಹ್ಯಾನ್ಲಿ ಕೈಯಲ್ಲಿದ್ದ ಚಾಕು ಹಾಗೇ ನಿಲ್ಲಿಸಿದಳು. ನಾನು ಕುರ್ಚಿ ಬಿಟ್ಟು ಎದ್ದು ನಿಂತೆ. ಕಾನ್ವೆಂಟಿನಲ್ಲಿ ಗಂಟೆ ಕೇಳಿದರೆ ಏಳುವುದು ರೂಢಿ. ಅದಕ್ಕಿಂತ ಹೆಚ್ಚಾಗಿ, ಆ ದನಿ ಕೇಳಿ ದೇಶದ ಯಾರೋ ದೊಡ್ಡವರು ಹೋಗಿಬಿಟ್ಟರು ಅನ್ನಿಸಿತ್ತು.

"ಯಾರು ತೀರಿಕೊಂಡರು?" ಎಂದೆ.

"ಯಾರೂ ಇಲ್ಲ ಮಗಳ. ಬಟಾಟಿ," ಎಂದಳು ಆಕೆ. "ಕುಂದರು. ಇನ್ನೂ ಸತ್ತಿಲ್ಲ."

ಆಕೆ ಆಡಿದ್ದು ಇಂಗ್ಲಿಷೇ. ಆದರೆ ನನಗೆ ಸಿಸ್ಟರುಗಳು ಬೆತ್ತ ಹಿಡಿದು ಕಲಿಸಿದ ಇಂಗ್ಲಿಷಲ್ಲ. ಎಳೆದು, ತಿರುವಿ, ಕೊನೆಗೆ ಪ್ರೀತಿಯಿಂದ ಒಂದು ಗುದ್ದು ಕೊಡುವ ಮಾತು. ನನ್ನ ಕಿವಿಯಲ್ಲಿ ಅದು ಹಾನಗಲ್ ಸಂತೆಯ ಮಾತಾಗಿ ಇಳಿಯಿತು, ಇವತ್ತಿಗೂ ಹಾಗೇ ಉಳಿದಿದೆ. ಆದ್ದರಿಂದ ಆಕೆಯನ್ನು ನಮ್ಮ ಕಡೆಯ ಕನ್ನಡದಲ್ಲೇ ಮಾತಾಡಿಸುತ್ತೇನೆ. ತಪ್ಪು ತಿಳಿಯಬೇಡಿ.

ಐರ್ಲೆಂಡಿಗೆ ನಾನು ಬಂದು ಆಗ ವಾರವೂ ಆಗಿರಲಿಲ್ಲ. ಸಾವಿರದ ಒಂಬೈನೂರ ಎಪ್ಪತ್ತೆರಡರ ಜೂನ್. ಒಂದು ಗಿಡದ ಕಾಯಿಲೆಯನ್ನು ರೇಡಿಯೋದಲ್ಲಿ ಸಾರುವ ದೇಶ! ನಮ್ಮ ಸವಣೂರಿನಲ್ಲಿ ಎಲೆಬಳ್ಳಿಯ ಬುಡ ಕೊಳೆಯುವುದನ್ನು ಯಾರು ಸಾರಿದ್ದರು? ಮಳೆ ಹಿಡಿದ ವಾರದಲ್ಲಿ ಅಪ್ಪ ತೋಟದ ಬಾಗಿಲಲ್ಲಿ ನಿಂತು ಮೂಗೇರಿಸಿ ಗಾಳಿ ಎಳೆಯುತ್ತಿದ್ದ. ಏನೂ ಹೇಳದೆ ಒಳಗೆ ಹೋದನೆಂದರೆ ಕ್ಷೇಮ; "ಹಾಳಾತು" ಎಂದನೆಂದರೆ ಆ ಸಾಲು ಹೋದಂತೆಯೇ. ನಿನ್ನೆ ಚೊಗಚೆ ಮರಕ್ಕೆ ಹಬ್ಬಿ ನಗುತ್ತಿದ್ದ ಬಳ್ಳಿ ಇವತ್ತು ತಲೆ ಬಾಗಿಸಿರುತ್ತಿತ್ತು.

ನಾನು ಹೋದದ್ದೇ ಅದಕ್ಕೆ. ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ನನಗೆ ಬಯಾಲಜಿ ಕಲಿಸಿದ ಸಿಸ್ಟರ್ ಬೆನೆಡಿಕ್ಟಾ ಐರಿಷ್ ಹೆಂಗಸು. ಆಕೆಯ ಅಣ್ಣ ಡಾಕ್ಟರ್ ಕಲನ್, ಅಲ್ಲಿನ ಒಂದು ಸಣ್ಣ ಊರಿನಲ್ಲಿ ಬಟಾಟೆ ರೋಗದ ಸಂಶೋಧನಾ ಕೇಂದ್ರ ನಡೆಸುತ್ತಿದ್ದರು. ಬಟಾಟೆಯ ಬ್ಲೈಟೂ ನಮ್ಮ ಎಲೆಬಳ್ಳಿಯ ಬುಡಕೊಳೆಯೂ ಒಂದೇ ಮನೆತನದ ಶಿಲೀಂಧ್ರಗಳು, ದಾಯಾದಿಗಳು. ಧಾರವಾಡದಲ್ಲಿ ಬಾಟನಿ ಎಂ.ಎಸ್ಸಿ. ಮುಗಿಸಿ ಮದುವೆಯ ಮಾತುಗಳಿಂದ ತಪ್ಪಿಸಿಕೊಂಡು ತಿರುಗುತ್ತಿದ್ದ ನನ್ನನ್ನು ಸಿಸ್ಟರ್ ಅಣ್ಣನ ಬಳಿ ಕಳಿಸಿದರು.

ಹೊರಡುವ ದಿನ ಅಪ್ಪ ಹೇಳಿದ್ದು ಇಷ್ಟೇ: "ಬಟಾಟಿ ಅವರದು, ಅವರು ನೋಡ್ಕೊಳ್ಳಲಿ. ನಮ್ಮ ಬಳ್ಳಿ ಬುಡ ಯಾಕ ಕೊಳೀತೈತಿ, ಬಾವಿ ಕಡೇದು ಯಾಕ ಕೊಳ್ಯಂಗಿಲ್ಲ, ಅದನ್ನ ಕಲ್ತು ಬಾ."

ಬಾವಿ ಕಡೆಯ ಬಳ್ಳಿ. ಸುತ್ತಲಿನದೆಲ್ಲ ಸತ್ತರೂ ಬಾವಿಕಟ್ಟೆಯ ಪಕ್ಕದ ಅದೊಂದು ಬಳ್ಳಿ ಪ್ರತಿ ಮಳೆಗಾಲ ಬದುಕಿ ಉಳಿಯುತ್ತಿತ್ತು. ಅದು ನಿಜವಾಗಿ ರೋಗ ತಡೆಯುವ ಬಳ್ಳಿಯೇ ಆಗಿದ್ದರೆ, ಅದರ ತುಂಡುಗಳಿಂದಲೇ ಇಡೀ ತೋಟವನ್ನು ಹೊಸದಾಗಿ ಕಟ್ಟಬಹುದಿತ್ತು. ಸುಮ್ಮನೆ ಅದೃಷ್ಟವಾಗಿದ್ದರೆ ಏನೂ ಇಲ್ಲ. ಯಾವುದೆಂದು ತಿಳಿಯಬೇಕಿತ್ತು.

ಹೊರಗಿನ ಗಿಡ, ರೋಗ ಒಳತರುವ ಪರವಾನಗಿಯನ್ನು ಡಾಕ್ಟರ್ ಕಲನ್ ಮೊದಲೇ ಪಡೆದಿದ್ದರು. ಒದ್ದೆ ಬಟ್ಟೆಯಲ್ಲಿ ಸುತ್ತಿದ ಬಳ್ಳಿಯ ತುಂಡುಗಳು, ಗಾಜಿನ ನಳಿಗೆಗಳಲ್ಲಿ ನಮ್ಮ ತೋಟದ ರೋಗ. ಎರಡನ್ನೂ ಹೊತ್ತುಕೊಂಡು ನಾನು ಸಮುದ್ರ ದಾಟಿದೆ.

ಮಿಸೆಸ್ ಹ್ಯಾನ್ಲಿ ಗಂಡನನ್ನು ಕಳೆದುಕೊಂಡವಳು. ಮೇಲಿನ ಕೋಣೆ ನನಗೆ ಬಾಡಿಗೆಗೆ ಕೊಟ್ಟಿದ್ದಳು. ಮೊದಲ ದಿನ "ನಿನ್ನ ಸೀರಿ ಪ್ರೆಸ್‌ನ್ಯಾಗ ಇಡು" ಎಂದಾಗ ಇಸ್ತ್ರಿ ಪೆಟ್ಟಿಗೆ ಹುಡುಕಿ ಸುಸ್ತಾದೆ. ಅಲ್ಲಿ ಪ್ರೆಸ್ ಎಂದರೆ ಕಪಾಟು. ಹಾಟ್ ಪ್ರೆಸ್ ಎಂದರೆ ಬಿಸಿನೀರಿನ ಹಂಡೆಯ ಸುತ್ತ ಕಟ್ಟಿದ ಬೆಚ್ಚನೆಯ ಕಪಾಟು. ಒದ್ದೆ ಬಟ್ಟೆ ಒಣಗುವುದು ಅದರೊಳಗೇ, ಯಾಕೆಂದರೆ ಹೊರಗೆ ಒಣಗುವಂಥ ದಿನ ಬರುವುದಿಲ್ಲ. ಜೋರಾಗಿ ಬಂದು ಹೋಗುವ ಮಳೆಯಲ್ಲ ಅದು. ಜಗಳವಾಡದೆ ಮುನಿಸಿಕೊಂಡೇ ಇರುವ ಹೆಂಗಸಿನ ಹಾಗೆ, ದಿನಗಟ್ಟಲೆ.

ಊಟ? ಬೇಯಿಸಿದ ಬಟಾಟೆ, ಸಿಪ್ಪೆ ಸಮೇತ. ನೂರು ಚಿಲ್ಲರೆ ವರ್ಷದ ಹಿಂದೆ ಬ್ಲೈಟು ಬಂದು ಅರ್ಧ ಊರು ಸತ್ತು ಅರ್ಧ ಊರು ಹಡಗು ಹತ್ತಿದ ನಾಡು. ತಟ್ಟೆಯಲ್ಲಿ ಒಂದು ತುಂಡು ಬಿಟ್ಟರೂ ಮಿಸೆಸ್ ಹ್ಯಾನ್ಲಿ ಮುಖ ಸಣ್ಣದು ಮಾಡುತ್ತಿದ್ದಳು. ಜೋಳದ ರೊಟ್ಟಿಯ ಬಡಿತ ಕನಸಿನಲ್ಲಿ ಕೇಳುತ್ತಿತ್ತು. ಆದರೆ ಮಜ್ಜಿಗೆ ಇತ್ತು ನೋಡಿ, ನಮ್ಮಂಥದೇ ಹುಳಿ ಮಜ್ಜಿಗೆ! ಅದನ್ನು ಆಕೆ ಬ್ರೆಡ್ಡಿಗೆ ಕಲಸುತ್ತಿದ್ದಳು. ನಾನು ಲೋಟಕ್ಕೆ ಬಗ್ಗಿಸಿಕೊಂಡು ಉಪ್ಪು ಹಾಕಿ ಕುಡಿದಾಗ, "ನಮ್ಮ ಮುದುಕನೂ ಹಿಂಗ ಕುಡೀತಿದ್ದ" ಎಂದು ಕಣ್ಣೊರೆಸಿಕೊಂಡಳು. ಅವತ್ತಿನಿಂದ ನಾನು ಬಾಡಿಗೆಯವಳಲ್ಲ. ಮನೆಯಿಂದ ಪಾರ್ಸೆಲ್ಲಿನಲ್ಲಿ ನಮ್ಮೂರಿನ ಕುರುಕಲು ತಿಂಡಿ, ಸವಣೂರು ಖಾರ, ಬಂದ ದಿನ ಚಹಾದ ಜೊತೆ ಒಂದು ಮುಷ್ಟಿ ಕೊಟ್ಟೆ. ಆಕೆ ಯೇಸು, ಮರಿಯಾ, ಜೋಸೆಫ್ ಮೂವರನ್ನೂ ಕರೆದಳು. ಮೂಗು ಸೀಟಿ, ಮತ್ತೆ ಕೈ ಚಾಚಿದಳು.

ಭಾನುವಾರಗಳು ಮಾತ್ರ ಕಷ್ಟ. ಊರೆಲ್ಲ ಚರ್ಚಿಗೆ ಹೋಗಿರುವಾಗ ನಾನು ಕೇಂದ್ರದ ಗಾಜಿನ ಮನೆಗೆ ಹೋಗಿಬಿಡುತ್ತಿದ್ದೆ. ಕೊನೆಯ ಮೂಲೆಯಲ್ಲಿ, ಬಿಸಿ ಪೈಪಿನ ಪಕ್ಕ, ನನ್ನ ಕುಂಡಗಳಿದ್ದವು. ಅದು ಡಾಕ್ಟರ್ ಕಲನ್ ನನಗೆ ಬಿಟ್ಟುಕೊಟ್ಟ ಬೆಂಚು. "ಬಟಾಟೆಯ ಕೆಲಸ ಮುಗಿಸಿ ಉಳಿದ ಹೊತ್ತು ನಿನ್ನದು, ಸರೋಜಾ. ಯಾರೂ ಕೇಳುವುದಿಲ್ಲ." ಯಾರೂ ಕೇಳುವುದಿಲ್ಲ, ಯಾಕೆಂದರೆ ಆ ಕೇಂದ್ರದಲ್ಲಿ ಕೇಳುವಂಥದು ಏನೂ ಇರಲಿಲ್ಲ. ಮೈಕ್ರೋಸ್ಕೋಪು ಅವರ ಮೇಷ್ಟರ ಕಾಲದ್ದು. ಮಾಡು ಸೋರುವಲ್ಲಿ ಬಕೆಟ್ಟು. ರೈತರು ಹಿಂಬಾಗಿಲಿನಿಂದಲೇ ಬಂದು ಪೇಪರಿನಲ್ಲಿ ಸುತ್ತಿದ ಕಪ್ಪು ಎಲೆಯನ್ನು ಮೇಜಿನ ಮೇಲೆ ಬಿಚ್ಚಿ, "ಡಾಕ್ಟ್ರ, ಇದೇನ್ರಿ?" ಎನ್ನುತ್ತಿದ್ದರು, ಡಾಕ್ಟರು ಚಹಾ ಕುಡಿಯುತ್ತ ಹೇಳುತ್ತಿದ್ದರು. ಬಡತನಕ್ಕೂ ಒಂದು ಸಲಿಗೆ ಇರುತ್ತದೆ.

ನಾನು ಹೋದ ಮರುವರ್ಷದ ಜನವರಿಯಲ್ಲಿ ಐರ್ಲೆಂಡು ಯುರೋಪಿನ ಕಾಮನ್ ಮಾರ್ಕೆಟ್ಟಿಗೆ ಸೇರಿತು. ಹಲವು ದೇಶಗಳು ಒಟ್ಟಾಗಿ ಕಟ್ಟಿಕೊಂಡ ಆರ್ಥಿಕ ಒಕ್ಕೂಟ. ಊರಿನಲ್ಲಿ ಬೆಣ್ಣೆ, ಮಾಂಸಕ್ಕೆ ರೇಟು ಬಂತು. ರೈತರ ಮನೆಗೆ ಟ್ರ್ಯಾಕ್ಟರು ಬಂತು. ನಮ್ಮ ಕೇಂದ್ರದಲ್ಲಿ ಮಾತ್ರ ಬಕೆಟ್ಟುಗಳು ಬಕೆಟ್ಟುಗಳಾಗೇ ಉಳಿದವು. ನನಗೆ ಸವಣೂರು ಸಂಸ್ಥಾನ ಭಾರತಕ್ಕೆ ಸೇರಿದ ಕಥೆ ನೆನಪಾಗುತ್ತಿತ್ತು. ನವಾಬರು ಹೋದರು, ಎಲೆ ತಿನ್ನುವವರ ಬಾಯಿ ಏನೂ ಬದಲಾಗಲಿಲ್ಲ ಎಂದು ಅಪ್ಪ ನಗುತ್ತಿದ್ದ. ಬದಲಾವಣೆ ಸಾವಕಾಶ ಬರುತ್ತದೆ, ಹಿಂಬಾಗಿಲಿನಿಂದಲ್ಲ, ಮುಂಬಾಗಿಲಿನಿಂದ.

ಅಷ್ಟರಲ್ಲಿ ನನ್ನ ಮೂಲೆಯಲ್ಲಿ ಏನೋ ಆಗತೊಡಗಿತ್ತು. ಕುಂಡಗಳಿಗೆ ರೋಗ ಹಾಕಿದಾಗ ಉಳಿದ ಬಳ್ಳಿಗಳು ಸಾಯುತ್ತಿದ್ದವು. ಬಾವಿ ಕಡೆಯ ಬಳ್ಳಿ ಕೆಲವೊಮ್ಮೆ ಸಾಯುತ್ತಿತ್ತು, ಹೆಚ್ಚು ಸಲ ಬದುಕುತ್ತಿತ್ತು. "ಹೆಚ್ಚು ಸಲ" ಎಂಬುದು ವಿಜ್ಞಾನವಲ್ಲ. ಇನ್ನೂ ಕೆಲವು ಋತುಗಳು ಬೇಕಿದ್ದವು. ಅಪ್ಪನಿಗೆ ಹಾಗೇ ಬರೆದೆ: ಇನ್ನೂ ಸ್ವಲ್ಪ ತಾಳು.

ಎಪ್ಪತ್ತರ ದಶಕದ ಕೊನೆಗೆ ಒಕ್ಕೂಟದ ಕಚೇರಿಯಿರುವ ಬ್ರಸೆಲ್ಸಿನಿಂದ ಸಂಶೋಧನೆಯ ಹಣ ಬರುವ ಕಾಲ ಬಂತು. ಷರತ್ತು ಒಂದೇ: ಒಂದು ದೇಶ ಒಬ್ಬಂಟಿಯಾಗಿ ಕೇಳುವಂತಿಲ್ಲ. ಇನ್ನೂ ಒಂದೆರಡು ಸದಸ್ಯ ದೇಶಗಳ ಪ್ರಯೋಗಾಲಯಗಳು ಜೊತೆಯಾಗಬೇಕು, ಪ್ರಶ್ನೆ ಎಲ್ಲರ ಪ್ರಶ್ನೆಯಾಗಿರಬೇಕು. ಹಾಲೆಂಡಿನವರೂ ಡೆನ್ಮಾರ್ಕಿನವರೂ ನಮ್ಮ ಜೊತೆ ಬರಲು ಒಪ್ಪಿದರು. ಡಾಕ್ಟರ್ ಕಲನ್ ಆ ಯೋಜನೆಯೊಳಗೆ ನನ್ನ ಬೆಂಚನ್ನೂ ಮೆಲ್ಲಗೆ ಸೇರಿಸಿದ್ದರು: ಹೋಲಿಕೆಗಾಗಿ, ದಾಯಾದಿ ಶಿಲೀಂಧ್ರ ತಗಲುವ ಇನ್ನೊಂದು ಗಿಡ, ಅಷ್ಟೇ. ಒಪ್ಪಿದರೆ ನನ್ನ ಕುಂಡಗಳಿಗೂ ಹೊಸ ಉಪಕರಣ, ಹೊಸ ಕೋಣೆ. ಒಪ್ಪದಿದ್ದರೆ ಬೆಂಚೇ ಇಲ್ಲ, ಯಾಕೆಂದರೆ ಇನ್ನು ಮುಂದೆ ಪ್ರತಿ ಮೂಲೆಗೂ ಪ್ರತಿ ಗಂಟೆಗೂ ಲೆಕ್ಕ ಕೊಡಬೇಕಿತ್ತು.

ಕೇಂದ್ರವನ್ನು ಪರಿಶೀಲಿಸಲು ಬ್ರಸೆಲ್ಸಿನಿಂದ ನಾಲ್ಕೈದು ಮಂದಿ ಬಂದರು. ಮುಂದಾಳು ಎತ್ತರದ ಡಚ್ಚರವನು, ಸೌಮ್ಯ ಮನುಷ್ಯ. ನಮ್ಮ ಹಳೇ ಮೈಕ್ರೋಸ್ಕೋಪನ್ನು ಮುಟ್ಟಿ, "ಇದರಲ್ಲೇ ಇಷ್ಟು ಕಂಡಿರಾ?" ಎಂದು ನಿಜವಾಗಿ ಆಶ್ಚರ್ಯಪಟ್ಟ. ಕೊನೆಗೆ ನನ್ನ ಮೂಲೆಗೆ ಬಂದರು. ನನಗೆ ಏನಾಯಿತೋ! "ಶೂಸ್, ಪ್ಲೀಸ್" ಎಂದುಬಿಟ್ಟೆ. ಸವಣೂರಿನಲ್ಲಿ ಕಲೆಕ್ಟರೇ ಬಂದರೂ ಎಲೆದೋಟಕ್ಕೆ ಚಪ್ಪಲಿ ಕಳಚಿಯೇ ಹೋಗಬೇಕು. ಬಾಯಿಗೆ ಅದೇ ಬಂತು. ಅವರು ಮುಖ ಮುಖ ನೋಡಿಕೊಂಡು, ನಗುತ್ತ, ಒಬ್ಬೊಬ್ಬರಾಗಿ ಬೂಟು ಬಿಚ್ಚಿದರು. ಒಬ್ಬನ ಸಾಕ್ಸಿನಿಂದ ಹೆಬ್ಬೆರಳು ಹೊರಗೆ ಇಣುಕಿತು. ಎಲ್ಲರೂ ಇನ್ನಷ್ಟು ನಕ್ಕರು. ಗೆದ್ದೆ ಅಂದುಕೊಂಡೆ.

ಆ ಹುರುಪಿನಲ್ಲೇ ಇನ್ನೊಂದು ಮಾಡಿದೆ. ತೋಟಕ್ಕೆ ಬಂದವರನ್ನು ಬರಿಗೈಯಲ್ಲಿ ಕಳಿಸುವುದು ನಮ್ಮ ಮನೆಯಲ್ಲಿ ಇಲ್ಲ. ರೋಗ ಹಾಕದ ಕುಂಡದ ಬಳ್ಳಿಯಿಂದ ಎಲೆ ಚಿವುಟಿ, ತೊಳೆದು, ಬಲಗೈಗೆ ಎಡಗೈ ಸೋಕಿಸಿ ಒಬ್ಬೊಬ್ಬರಿಗೂ ಕೊಟ್ಟೆ. ನಮ್ಮಲ್ಲಿ ಕೈಗೆ ವೀಳ್ಯ ಬಂತೆಂದರೆ ಮಾತು ಕೊಟ್ಟ ಹಾಗೆ. ಲಗ್ನವಾಗಲಿ, ಕೆಲಸವಾಗಲಿ, ಒಪ್ಪಿದ ಹಾಗೆ.

ಡಚ್ಚರವನು ಎಲೆಯನ್ನು ಬೆಳಕಿಗೆ ಹಿಡಿದ. "ಇದನ್ನು ಏನು ಮಾಡುತ್ತಾರೆ?"

ನಾನು ಹೇಳಿದೆ. ಹೇಳುತ್ತಲೇ ಹೋದೆ: ಅಡಿಕೆ, ಸುಣ್ಣ, ಊಟದ ನಂತರ, ಮದುವೆಯಲ್ಲಿ, ನಮ್ಮ ಊರಿನಿಂದ ಎಲ್ಲೆಲ್ಲಿಗೋ ಹೋಗುವ ಎಲೆಯ ಬುಟ್ಟಿಗಳು, ಬಾವಿ ಕಡೆಯ ಬಳ್ಳಿ, ನಮ್ಮ ಅಪ್ಪ. ಆತ ತಲೆದೂಗಿ ಕೇಳಿದ. ಆಮೇಲೆ ಡಾಕ್ಟರ ಕಡೆ ತಿರುಗಿ, ಬೇಸರವಿಲ್ಲದ ದನಿಯಲ್ಲೇ, "ಅಂದರೆ ಯಾವ ಸದಸ್ಯ ದೇಶದಲ್ಲೂ ಇದನ್ನು ಬೆಳೆಯುವುದಿಲ್ಲ" ಎಂದ.

ಅವರು ಹೋದ ಮೇಲೆ ಡಾಕ್ಟರ್ ಕಲನ್ ಪೈಪಿನ ಪಕ್ಕ ಕುಳಿತು ಸಿಗರೇಟು ಹಚ್ಚಿದರು. "ಕಾಗದದಲ್ಲಿ ಅದು ಬರೀ ಒಂದು ಗಿಡವಾಗಿತ್ತು, ಸರೋಜಾ. ನೀನು ಅದನ್ನು ಸವಣೂರು ಮಾಡಿಬಿಟ್ಟೆ."

ಬಂದು ಹೋದವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ನನ್ನ ಮೇಲೂ ಬರಲಿಲ್ಲ. ಇನ್ನೊಮ್ಮೆ ಅವರೇ ಬಂದು ನಿಂತರೂ ನಾನು ಎಲೆ ಕೊಡುತ್ತೇನೆ. ಕೊಡದೆ ಇರುವುದು ಹೇಗೆಂದು ಯಾವ ಕಾನ್ವೆಂಟೂ ನನಗೆ ಕಲಿಸಲಿಲ್ಲ.

ಯೋಜನೆ ಮಂಜೂರಾಯಿತು, ನನ್ನ ಬೆಂಚು ಬಿಟ್ಟು. ಸುಳ್ಳು ಹೇಳಬಾರದು, ಬಂದದ್ದು ದೊಡ್ಡದೇ. ಮಾಡು ಸೋರುವುದು ನಿಂತಿತು. ಬೇಕಾದ ಚಳಿ, ಬೇಕಾದ ತೇವ ಇಡುವ ಕೋಣೆಗಳು ಬಂದವು, ಕಂಪ್ಯೂಟರು ಬಂತು. ಬ್ಲೈಟ್ ವಾರ್ನಿಂಗ್ ಮೊದಲಿಗಿಂತ ಸರಿಯಾಗಿ ನಿಜವಾಗತೊಡಗಿತು. ಹಾಲೆಂಡಿನ ಹೊಲದ ಸುದ್ದಿ ನಮ್ಮ ಹೊಲಕ್ಕೆ ಮೊದಲೇ ಮುಟ್ಟುತ್ತಿತ್ತು. ಹೊರಗೆ ಹೋಗಿದ್ದ ಐರಿಷ್ ಹುಡುಗರು ಪಿಎಚ್.ಡಿ.ಗೆ ಮನೆಗೆ ಮರಳಿದರು. ಆದರೆ ಡಾಕ್ಟರು ಹೊಲಕ್ಕಿಂತ ವಿಮಾನ ನಿಲ್ದಾಣದಲ್ಲಿ ಹೆಚ್ಚು ಸಿಗುತ್ತಿದ್ದರು. ಹಿಂಬಾಗಿಲಿಗೆ ಬೀಗ ಬಿತ್ತು. ಪೇಪರಿನಲ್ಲಿ ಎಲೆ ಸುತ್ತಿಕೊಂಡು ಬಂದ ಮುದುಕನೊಬ್ಬ ಮುಂದಿನ ಆಫೀಸಿನ ಹುಡುಗಿಯ ಮುಂದೆ ಟೋಪಿ ತೆಗೆದು ನಿಂತದ್ದನ್ನು ನಾನೇ ನೋಡಿದೆ. ಆಕೆ ಅವನಿಗೆ ಬರೆದು ಕಳಿಸಿ ಎಂದಳು.

ಪರವಾನಗಿ ಮುಗಿದಿತ್ತು, ನನ್ನ ರೋಗದ ನಳಿಗೆಗಳನ್ನು ಇಡುವಂತಿರಲಿಲ್ಲ. ಕುಕ್ಕರಿನಂಥ ದೊಡ್ಡ ಯಂತ್ರದಲ್ಲಿಟ್ಟು ಬೇಯಿಸಿ ಕೊಂದೆ. ರೋಗವನ್ನು ಕೊಲ್ಲುತ್ತ ಅಳುವ ಹುಚ್ಚು ಹೆಂಗಸು ನಾನೊಬ್ಬಳೇ ಇರಬೇಕು. ರೋಗ ಮುಟ್ಟದ ಒಂದು ಕುಂಡ ಉಳಿದಿತ್ತು, ಬಾವಿ ಕಡೆಯದು. ಅದನ್ನು ಕೋಟಿನೊಳಗೆ ಮುಚ್ಚಿಕೊಂಡು ಮನೆಗೆ ಬಂದೆ.

ಮಿಸೆಸ್ ಹ್ಯಾನ್ಲಿ ಕುಂಡವನ್ನೂ ನನ್ನ ಮುಖವನ್ನೂ ನೋಡಿದಳು. "ಥಂಡಿ ಆಗೇತಿ ಪಾಪ, ಇಬ್ಬರಿಗೂ. ಅದನ್ನ ಹಾಟ್ ಪ್ರೆಸ್‌ನ್ಯಾಗ ಇಡು, ನೀ ಒಲಿ ಮುಂದ ಕುಂದರು."

ಅವತ್ತಿನಿಂದ ರಾತ್ರಿ ಕಪಾಟಿನಲ್ಲಿ, ಹಗಲು ಅಡುಗೆಮನೆ ಕಿಟಕಿಯಲ್ಲಿ, ನಮ್ಮ ಬಾವಿಯ ಬಳ್ಳಿ ಆಕೆಯ ಸಂಸಾರವಾಯಿತು. ಅಲ್ಲಿ ಮನೆಯ ಯಜಮಾನನನ್ನು ಹೆಸರು ಹಿಡಿಯದೆ "ಹಿಮ್‌ಸೆಲ್ಫ್" ಎನ್ನುತ್ತಾರೆ, ನಮ್ಮವರು "ಅವರು" ಅಂದ ಹಾಗೆ. ಬಳ್ಳಿಗೆ ಆಕೆ ಇಟ್ಟ ಹೆಸರೂ ಅದೇ. "ಅವರು ಇವತ್ತ ಸ್ವಲ್ಪ ಸಪ್ಪಗ ಅದಾರ. ಬಿಸಿಲಿಲ್ಲ ನೋಡು."

ಕೇಂದ್ರದಲ್ಲಿ ಕಾಯಂ ನೌಕರಿ ಬೇಕಾದರೆ ಮೊದಲ ಹಕ್ಕು ಸದಸ್ಯ ದೇಶಗಳವರದು. ನಾನು ಅಲ್ಲಿನ ಪ್ರಜೆಯಾದೆ. ಕೈಯೆತ್ತಿ ಪ್ರಮಾಣ ಮಾಡಿದಾಗ ಕಾಲ ಕೆಳಗೆ ಮರದ ನೆಲ ಕಿರುಗುಟ್ಟಿತು. ಓಡಿಹೋಗಬೇಕು ಅನ್ನಿಸಿತು, ಎಲ್ಲಿಗೆಂದು ಗೊತ್ತಾಗಲಿಲ್ಲ. ಆಮೇಲೆ ಗ್ರೀಸ್ ಒಕ್ಕೂಟಕ್ಕೆ ಸೇರಿತು, ಅಲ್ಲಿಂದ ಒಬ್ಬ ಹುಡುಗಿ ನಮ್ಮಲ್ಲಿಗೆ ಬಂದಳು. ಬಂದ ವಾರದಲ್ಲೇ, ತನ್ನ ದ್ವೀಪದ ಒಂದು ಸಣ್ಣ ಬೀನ್ಸ್ ಗಿಡದ ಕುಂಡ ಹಿಡಿದು, "ಇದನ್ನು ಎಲ್ಲಿ ಇಡಲಿ?" ಎಂದು ನನ್ನನ್ನೇ ಕೇಳಿದಳು. ನಾನು ಬಿಸಿ ಪೈಪಿನ ಮೂಲೆ ತೋರಿಸಲು ಹೋದೆ. ಅಲ್ಲಿ ಈಗ ಫ್ರೀಜರ್ ನಿಂತಿತ್ತು.

ಎಂಬತ್ತರ ದಶಕದ ನಡುವೆ, ಕೊನೆಗೊಮ್ಮೆ, ಅಪ್ಪನನ್ನು ನೋಡಲು ಹೊರಟೆ. ಬಳ್ಳಿಯನ್ನೇ ಒಯ್ಯಬೇಕೆಂದಿದ್ದೆ. ಗಿಡ ಗಡಿ ದಾಟಲು ನಮ್ಮ ಕೇಂದ್ರ ಆರೋಗ್ಯಪತ್ರ ಕೊಡಬೇಕು. ಕೇಂದ್ರದ ಲೆಕ್ಕದಲ್ಲಿ ಅಂಥದೊಂದು ಗಿಡವೇ ಇರಲಿಲ್ಲ. ಬರೀ ಎಲೆಗಳಿಗಾದರೆ ಯಾರೂ ಪತ್ರ ಕೇಳುವುದಿಲ್ಲ. ಮಿಸೆಸ್ ಹ್ಯಾನ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿ ಬಿಸ್ಕೀಟಿನ ಡಬ್ಬಿಗೆ ಹಾಕಿಕೊಟ್ಟಳು.

ಮೊದಲು ಹಿರೇಕೆರೂರಿಗೆ ಹೋದೆ, ಅಕ್ಕನ ಮನೆಗೆ. ಅಕ್ಕ ಹೊಲದಲ್ಲಿದ್ದಳು. ಹೈಬ್ರಿಡ್ ಹತ್ತಿಬೀಜ ಮಾಡುವ ಕಾಲ ಅದು. ಹೆಂಗಸರು ಸಾಲಾಗಿ ಬಗ್ಗಿ, ಒಂದು ಜಾತಿಯ ಹೂವನ್ನು ಇನ್ನೊಂದರ ಮೇಲೆ ಸವರುತ್ತಿದ್ದರು. ನಮ್ಮವರೇ ಕಂಡುಹಿಡಿದದ್ದು, ನಮ್ಮ ಹೊಲದಲ್ಲೇ, ಹೆಂಗಸರ ಬೆರಳ ತುದಿಯಲ್ಲಿ.

"ಬಂದ್ಳು ನೋಡ್ರಿ ಸೈಂಟಿಸ್ಟು!" ಅಕ್ಕ ಎಲ್ಲರಿಗೂ ಕೇಳುವಂತೆ ಕೂಗಿದಳು. "ಸಮುದ್ರ ದಾಟಿ ಬಟಾಟಿ ಬಾಣಂತನ ಮಾಡಾಕ ಹೋಗಿದ್ಲು. ನಾವು ಕಲಿಲಾರದವರು ಇಲ್ಲೇ ಕುಂತು ಹತ್ತಿ ಬಸುರು ಮಾಡಾಕತ್ತೇವಿ!"

ಸಾಲಿಗೆ ಸಾಲೇ ನಕ್ಕಿತು. ನಾನೂ ನಕ್ಕೆ. ನಗು ನಿಂತ ಮೇಲೆ ಅಕ್ಕ ಕೈ ಒರೆಸಿಕೊಳ್ಳುತ್ತ, "ಅಪ್ಪನ ಮುಂದ ಬಾವಿ ಕಡೆ ಬಳ್ಳಿ ಮಾತು ತೆಗೀಬ್ಯಾಡ" ಎಂದಳು.

ಸವಣೂರಿನಲ್ಲಿ ಅಪ್ಪನೇ ತೆಗೆದ. ತೋಟದ ಬಾಗಿಲಲ್ಲಿ ನಾನು ಚಪ್ಪಲಿ ಬಿಡಲು ಬಗ್ಗಿದೆ. "ಇರ್ಲಿ ಬಾ. ಈಗ ಇಲ್ಲಿ ಬರೇ ಹತ್ತಿ ಐತಿ, ಅದಕ್ಕೇನ ಮಡಿ?" ಎಂದ. ಚೊಗಚೆ ಮರಗಳಿರಲಿಲ್ಲ. ಬಿಸಿಲು ನೇರವಾಗಿ ನೆಲಕ್ಕೆ ಬೀಳುತ್ತಿತ್ತು. ಆ ತೋಟದೊಳಗೆ ನಾನು ನನ್ನ ನೆರಳನ್ನು ನೋಡಿದ್ದು ಅದೇ ಮೊದಲು.

"ಬಾವಿ ಕಡೇದು?"

"ಹ್ವಾದ ಮಳಿಗಾಲ ಹೋತವ್ವ."

"ಬುಡ ಕೊಳೆತು?"

"ಕೊಳೀತೋ, ಒಂಟಿ ಆಗಿ ಬ್ಯಾಸತ್ತು ಹೋತೋ. ಅದನ್ನ ಹೇಳಾಕ ನಿನ್ನ ಕಳಿಸಿದ್ನಲ್ಲ."

ನಾನು ಎಲ್ಲವನ್ನೂ ಹೇಳಿದೆ. ಒಕ್ಕೂಟ, ಹಣ, ಹೊಸ ಕಟ್ಟಡ, ಬೂಟು ಬಿಚ್ಚಿದ ಸಾಹೇಬರು, ಕೈಗೆ ಕೊಟ್ಟ ವೀಳ್ಯ. ಅಪ್ಪ ಬಾವಿಕಟ್ಟೆಯ ಮೇಲೆ ಕುಳಿತು ಕೇಳಿದ. ಬೂಟಿನ ಮಾತಿಗೆ ಜೋರಾಗಿ ನಕ್ಕ. ಆಮೇಲೆ ಹೇಳಿದ: "ತಪ್ಪೇನಿಲ್ಲ ಬಿಡು. ನಿಮ್ಮ ಐರ್ಲೆಂಡು ದೊಡ್ಡ ಮನೀಗೆ ಸಣ್ಣ ಸೊಸಿ ಆಗಿ ಹ್ವಾದಾಂಗ ಅದು. ಉಣ್ಣಾಕ ಉಡಾಕ ಏನೂ ಕಡಿಮಿ ಇಲ್ಲ. ಏನು ಅಡಗಿ ಮಾಡೂದು ಅನ್ನೂದು ಅತ್ತಿ ಕೈಯಾಗ. ಆ ಸಣ್ಣ ಸೊಸಿಗೆ ಪಾಪ ನೀ ತವರಿನಿಂದ ಬಂದ ತಂಗಿ. ನಿನ್ನ ಕುಂಡ ಆಕಿ ಎಲ್ಲಿ ಇಡಬೇಕ?"

ಹೊರಡುವ ದಿನ ಬಸ್ ಸ್ಟ್ಯಾಂಡಿಗೆ ಬಂದ. ಶಿಗ್ಗಾವಿ, ತಡಸದ ಮೇಲೆ ಹುಬ್ಬಳ್ಳಿಗೆ ಹೋಗುವ ಬಸ್ಸು. ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಅಷ್ಟು ದಿನ ಧೈರ್ಯವಾಗಿರಲಿಲ್ಲ. ಆಗ ಬಿಸ್ಕೀಟಿನ ಡಬ್ಬಿ ತೆಗೆದು, ಉಳಿದಿದ್ದರಲ್ಲಿ ಚೆನ್ನಾಗಿದ್ದ ಎಲೆಯನ್ನು ಕಿಟಕಿಯಿಂದ ಚಾಚಿದೆ.

"ಬಾವಿ ಕಡೇದು ಅಪ್ಪ. ಅಲ್ಲಿ ಇನ್ನೂ ಜೀವಂತ ಐತಿ. ಒಬ್ಬಾಕಿ ಮುದುಕಿ ಸಾಕ್ಯಾಳ."

ಅಪ್ಪ ಎಲೆಯ ತೊಟ್ಟು ಹಿಡಿದು ತಿರುವಿದ. ಬೆನ್ನಿನ ನರಗಳ ಮೇಲೆ ಹೆಬ್ಬೆರಳು ಆಡಿಸಿದ. ಮೂಗೇರಿಸಿ ವಾಸನೆ ಎಳೆದ, ತೋಟದ ಬಾಗಿಲಲ್ಲಿ ಎಳೆಯುತ್ತಿದ್ದ ಹಾಗೆ. ತುದಿ ಚಿವುಟಿ ಚೆಲ್ಲಿ, ಚೀಲದಿಂದ ಸುಣ್ಣ ತೆಗೆದು ಸವರಿ, ಅಡಿಕೆ ಇಟ್ಟು, ಮಡಚಿ ಬಾಯಿಗಿಟ್ಟ. ಬೇರೆಯವರ ತೋಟದ ಎಲೆಯಾದರೆ ಅಪ್ಪ ಉಗುಳಿಬಿಡುತ್ತಿದ್ದ, ತನ್ನದಾದರೆ ರಸ ನುಂಗುತ್ತಿದ್ದ. ನಾನು ಅವನ ದವಡೆಯನ್ನೇ ನೋಡುತ್ತಿದ್ದೆ.

"ಖಾರ ಇಲ್ಲಲ್ಲವ್ವ," ಎಂದ ಸ್ವಲ್ಪ ಹೊತ್ತಿನ ಮೇಲೆ. "ಎಲಿ ನಮ್ದ. ಹೌದು, ನಮ್ದ. ನೀರು ಅವರದು."

ಡ್ರೈವರ್ ಹಾರ್ನ್ ಹೊಡೆದ. ಅಪ್ಪ ಇನ್ನೂ ಅಗಿಯುತ್ತಿದ್ದ. ಬಸ್ಸು ಅಲುಗಿದಾಗ ಬಲಗೈ ಎತ್ತಿದ. ಎಡಗೈ ಬಾಯಿಯ ಹತ್ತಿರ ಹೋಯಿತು, ಮುಖವನ್ನು ಒಂದು ಬದಿಗೆ ತಿರುಗಿಸಿದ. ನಾನು ಕಿಟಕಿಯಿಂದ ಕತ್ತು ಹೊರಹಾಕಿದೆ. ಮೆಣಸಿನಕಾಯಿ ಚೀಲ ಹೇರಿದ ಬಂಡಿಯೊಂದು ನಡುವೆ ಬಂತು. ಬಂಡಿ ದಾಟುವಷ್ಟರಲ್ಲಿ ಬಸ್ಸು ತಿರುಗಿತ್ತು. ಉಗುಳಿದನೋ ನುಂಗಿದನೋ, ನನಗೆ ಕಾಣಲಿಲ್ಲ.